ಸೋಸದ ಸದ್ದು

ಮೊದಲ ಸಲ ಕೇಳಿದಾಗ ನಮ್ಮ ಮೊಬೈಲ್ ಸ್ಪೀಕರ್ ಒಡೆದೇ ಹೋಯಿತು ಅಂದುಕೊಂಡೆವು. ನಿಮಿಷದ ಆಸುಪಾಸಿನಲ್ಲಿ ಹಾಡು ಮುಗಿಯಿತು. ಇನ್ನೊಂದು ಶುರುವಾಯಿತು, ಅದೂ ಹಾಗೇ. ಸ್ಪೀಕರ್ ಸರಿಯಾಗಿಯೇ ಇತ್ತು. ಆ ಬ್ಯಾಂಡ್ ಇರುವುದೇ ಹಾಗೆ.

ಅದರ ಹೆಸರು ಮಾಬ್ 47. ಸ್ವೀಡನ್ನಿನ ಸ್ಟಾಕ್‌ಹೋಮ್ ಪಕ್ಕದ ಹುಡುಗರದ್ದು. 1984ರಲ್ಲಿ ಬಂದ ಅವರ ಪುಟ್ಟ ರೆಕಾರ್ಡಿನ ಹೆಸರಿಗೆ 'ಅಣ್ವಸ್ತ್ರ ದಾಳಿ' ಎಂದರ್ಥ. ಆಗ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಬಾಂಬು ಪೇರಿಸಿಕೊಂಡು ಕೂತಿದ್ದವು. ಸ್ವೀಡನ್ ಯಾರ ಗುಂಪಿಗೂ ಸೇರಿರಲಿಲ್ಲ. ಆದರೂ 1981ರಲ್ಲಿ ಅವರ ನೌಕಾನೆಲೆ ಇರುವ ಕಾರ್ಲ್ಸ್‌ಕ್ರೋನಾ ಹತ್ತಿರವೇ ಸೋವಿಯತ್ ಜಲಾಂತರ್ಗಾಮಿಯೊಂದು ಬಂಡೆಗೆ ಸಿಕ್ಕಿಕೊಂಡಿತ್ತು. ಹೆದರಿಕೆ ಬಾಗಿಲಿಗೇ ಬಂದಿತ್ತು. ಹೆದರಿದವರು ರಾಗ ಹಿಡಿದು ಕೂಗುತ್ತಾರೆಯೇ?

ಡ್ರಮ್ ಓಡುವ ಕುದುರೆಯಂತೆ. ಈ ಬಡಿತಕ್ಕೆ ಡಿ-ಬೀಟ್ ಎನ್ನುತ್ತಾರೆ, ಇಂಗ್ಲೆಂಡಿನ ಡಿಸ್ಚಾರ್ಜ್ ಬ್ಯಾಂಡಿನಿಂದ ಬಂದ ಹೆಸರು. ಗಿಟಾರ್ ಸಾಮಿಲ್ಲಿನ ಗರಗಸ. ದನಿ ಹಾಡುವುದಿಲ್ಲ, ಅರಚುತ್ತದೆ. ಸ್ವೀಡನ್ನಿನವರು ಇದನ್ನು 'ರೋಪಂಕ್' ಎನ್ನುತ್ತಾರೆ. ಅಂದರೆ ಹಸಿ ಪಂಕ್. ಬೇಯಿಸಿಲ್ಲ, ಸೋಸಿಲ್ಲ.

ಕೇಳುವಾಗ ನಮಗೆ ಒಬ್ಬ ಅಜ್ಜಿ ನೆನಪಾದರು.

ಹೋದ ಮಳೆಗಾಲ ಅವರ ಮನೆ ಬಿದ್ದಿತ್ತು. ತಗಡಿನ ಮೇಲೆ ಮಳೆ ಸುರಿಯುತ್ತಿದ್ದಾಗಲೇ ಅಜ್ಜಿ ಅಳುತ್ತ, ಬೈಯುತ್ತ ಮಾತಾಡಿದರು. ನಾವು ರೆಕಾರ್ಡ್ ಮಾಡಿ ಕಳಿಸಿದೆವು. 'ಆಡಿಯೋ ಕ್ಲಿಯರ್ ಇಲ್ಲ, ಮತ್ತೆ ಮಾಡಿ' ಎಂದಿತು ಡೆಸ್ಕ್. ಮರುದಿನ ಗಂಜಿ ಕೇಂದ್ರದ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಅದೇ ಪ್ರಶ್ನೆ ಕೇಳಿದೆವು. "ನಿನ್ನೆ ಹೇಳಿದ್ನಲ್ಲಪ್ಪ" ಅಂದರು. ಆಮೇಲೆ, "ಮನೆ ಬಿತ್ತು. ಪರಿಹಾರ ಕೊಡ್ಸಿ." ಅಷ್ಟೇ. ಅದೇ ಪ್ರಸಾರವಾಯಿತು. ಸದ್ದು ಸ್ವಚ್ಛವಾಗಿತ್ತು. ಒಬ್ಬ ಅಧಿಕಾರಿಯೂ ಫೋನ್ ಮಾಡಲಿಲ್ಲ.

ಡಿಪ್ಲೊಮಾದಲ್ಲಿ ನಮಗೆ ಗದ್ದಲ ತೆಗೆಯುವುದನ್ನು ಕಲಿಸಿದ್ದರು. ಕೆಲವೊಮ್ಮೆ ಗದ್ದಲವೇ ಸುದ್ದಿ ಎಂದು ಯಾರೂ ಹೇಳಿರಲಿಲ್ಲ. ಆ ತಗಡಿನ ಸದ್ದು ತೆಗೆದರೆ ಮಳೆಯೇ ಇಲ್ಲ. ಮಳೆ ಇಲ್ಲದ ಮೇಲೆ ಮನೆ ಬಿದ್ದದ್ದು ಬರೀ ಮಾತು. ಎಲ್ಲ ಕೆಟ್ಟ ರೆಕಾರ್ಡಿಂಗೂ ಸತ್ಯ ಎನ್ನುತ್ತಿಲ್ಲ. ಮಾತು ಅರ್ಥವಾಗಲೇಬೇಕು. ಅಜ್ಜಿಯ ಮಾತು ಆ ಮಳೆಯಲ್ಲೂ ನಮಗೆ ಅರ್ಥವಾಗಿತ್ತು.

ಮಾಬ್ 47 ಕೇಳುವುದಾದರೆ ಇಯರ್‌ಫೋನ್ ಹಾಕಿಕೊಳ್ಳಿ. ಮನೆಯಲ್ಲಿ ಹಿರಿಯರು ಮಲಗಿರುತ್ತಾರೆ.

ಅಜ್ಜಿಯ ಮೊದಲ ರೆಕಾರ್ಡಿಂಗ್ ಇನ್ನೂ ನಮ್ಮ ಮೊಬೈಲಿನಲ್ಲಿದೆ. ಈ ವಾರ ಅದನ್ನೇ ಮತ್ತೆ ಡೆಸ್ಕಿಗೆ ಕಳಿಸಿದ್ದೇವೆ. ಪರಿಹಾರ ಇನ್ನೂ ಬಂದಿಲ್ಲ.