ಬಿಸ್ಲಿಯ ಗುರಿಕಾರರು

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ನೈಋತ್ಯಕ್ಕೆ ಹೊರಟ ರೈಲು ಒಂದು ಗಂಟೆಯೊಳಗೆ ಬ್ರೂಕ್‌ವುಡ್ ತಲಪುತ್ತದೆ. ಅಲ್ಲಿಗೆ ಸಮೀಪದಲ್ಲಿಯೇ ಬಿಸ್ಲಿ. ಪೈನ್ ಮರಗಳ ನಡುವೆ ಜಗಲಿಯುಳ್ಳ ಹಳೆಯ ಮನೆಗಳು. ಬೆಂಗಳೂರು ದಂಡಿನ ಬಂಗಲೆಗಳನ್ನು ಕಂಡವರಿಗೆ ಪರಿಚಿತವೆನಿಸುವ ನೋಟ. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘವು 1860ರಲ್ಲಿ ವಿಂಬಲ್ಡನ್ನಿನ ಬಯಲಿನಲ್ಲಿ ತನ್ನ ಮೊದಲ ಪಂದ್ಯಗಳನ್ನು ನಡೆಸಿದಾಗ ಮೊತ್ತಮೊದಲ ಗುಂಡನ್ನು ಹಾರಿಸಿದವಳು ವಿಕ್ಟೋರಿಯಾ ರಾಣಿ. 1890ರಲ್ಲಿ ಸಂಘವು ಬಿಸ್ಲಿಗೆ ಬಂದು ನೆಲೆಸಿತು. 1930ರಲ್ಲಿ ಇಲ್ಲಿನ ಕಿಂಗ್ಸ್ ಪ್ರೈಜ್ ಪಂದ್ಯವನ್ನು ಗೆದ್ದ ಮಾರ್ಜರಿ ಫಾಸ್ಟರ್, ಆ ಗೌರವವನ್ನು ಪಡೆದ ಪ್ರಥಮ ಮಹಿಳೆ.

ಸ್ಟಿಕಲ್‌ಡೌನ್ ಎಂಬುದು ಇಲ್ಲಿಯ ಅತಿ ನೀಳವಾದ ಬಯಲು. ಮ್ಯಾಚ್ ರೈಫಲ್ ಪಂದ್ಯದವರು 1,000ದಿಂದ 1,200 ಗಜಗಳಾಚೆಯ ಹಲಗೆಗೆ ಗುರಿಯಿಡುತ್ತಾರೆ. 1,200 ಗಜವೆಂದರೆ ಒಂದು ಕಿಲೋಮೀಟರಿಗೂ ಮಿಗಿಲಾದ ದೂರ! ಗಾಳಿ ಗುಂಡನ್ನು ಎಡಬಲಕ್ಕೆ ತಳ್ಳುತ್ತದೆ. ಅದನ್ನರಿಯಲೆಂದೇ ಬಯಲಿನುದ್ದಕ್ಕೂ ಬಾವುಟಗಳಿವೆ. ಆದರೆ ಗುಂಡು ಮೇಲಕ್ಕೋ ಕೆಳಕ್ಕೋ ಬಿದ್ದರೆ, ಆ ದೋಷವನ್ನು ಗಾಳಿಯ ಮೇಲೆ ಹೊರಿಸುವುದು ಸುಲಭವಲ್ಲ. ಒಂದು ತೋಟೆ ಗುಂಡನ್ನು ಬಿಗಿಯಾಗಿಯೂ ಇನ್ನೊಂದು ಸಡಿಲವಾಗಿಯೂ ಹಿಡಿದಿದ್ದರೆ ವೇಗದಲ್ಲಿ ವ್ಯತ್ಯಾಸವಾಗುತ್ತದೆ. ಕೊಂಚ ನಿಧಾನವಾದದ್ದು ಕೆಳಗೆ ತಗಲುತ್ತದೆ.

ಆದುದರಿಂದ ಸ್ವಂತ ಕೈಯಿಂದ ತೋಟೆಗಳನ್ನು ತುಂಬಿಕೊಳ್ಳುವವರ ಪಂದ್ಯ ಮನೆಯ ಮೇಜಿನ ಮೇಲೆಯೇ ಆರಂಭವಾಗುತ್ತದೆ. ಹಾರಿಸಿದ ತೋಟೆಯ ಹಿತ್ತಾಳೆ ಒಳಗಿನ ಒತ್ತಡಕ್ಕೆ ಉಬ್ಬಿರುತ್ತದೆ. ಮೊದಲು ಸುಟ್ಟ ಕೇಪನ್ನು ತೆಗೆದು ಮಸಿಯನ್ನು ಕಳೆಯಬೇಕು. ಅನಂತರ ಅಚ್ಚಿನಲ್ಲಿ ಒತ್ತಿ ಮೊದಲಿನ ಆಕಾರಕ್ಕೆ ತರಬೇಕು. ಹಾಗೆ ಒತ್ತಿದಾಗ ಲೋಹ ಉದ್ದಕ್ಕೆ ಹರಿಯುವುದರಿಂದ ಅಳೆದು, ಹೆಚ್ಚಾದುದನ್ನು ಕತ್ತರಿಸಿ, ಬಾಯಂಚನ್ನು ನಯಗೊಳಿಸಬೇಕು. ಕೊನೆಗೆ ಒಂದೊಂದನ್ನೂ ತೂಗಿ, ಸಮತೂಕದವನ್ನು ಒಂದೆಡೆ ಸೇರಿಸುವವರೂ ಉಂಟು.

ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಬೆರೆತ ಈ ಹಿತ್ತಾಳೆಯ ಗುಣವನ್ನು ನಮ್ಮ ಕಂಚುಗಾರರೂ ಬಲ್ಲರು: ಬಡಿದಷ್ಟೂ ಗಡುಸಾಗುತ್ತದೆ, ಕಾಯಿಸಿದರೆ ಮೆದುವಾಗುತ್ತದೆ. ಮತ್ತೆ ಮತ್ತೆ ಹಿಗ್ಗಿ ಕುಗ್ಗಿದ ತೋಟೆಯ ಕುತ್ತಿಗೆ ಪೆಡಸಾಗಿ ಸೀಳುತ್ತದೆ. ಆದ್ದರಿಂದ ಅಚ್ಚಿಗೆ ಕೊಡುವ ಮುನ್ನ ಕುತ್ತಿಗೆಯನ್ನು ಕಾಯಿಸುತ್ತಾರೆ. ಆದರೆ ಬುಡಕ್ಕೆ ಮಾತ್ರ ಕಾವು ತಾಗಕೂಡದು. ಬುಡ ಮೆದುವಾದರೆ ಅದು ಒತ್ತಡವನ್ನು ತಡೆಯದೆ ಬಿರಿದು, ಬಿಸಿ ಅನಿಲ ಹಾರಿಸಿದವನ ಮುಖಕ್ಕೇ ನುಗ್ಗೀತು! ಬುಡವನ್ನು ನೀರಿನಲ್ಲಿ ನಿಲ್ಲಿಸಿ ಕುತ್ತಿಗೆಗೆ ಜ್ವಾಲೆ ಹಿಡಿಯುವುದು ಹಳೆಯ ಪದ್ಧತಿ.

ಈ ಪಾಠದಲ್ಲಿ ಭಾರತದ ಮಳೆಗಾಲದ ಪಾಲೂ ಇದೆ. 19ನೆಯ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆಲಾಯಗಳಲ್ಲಿ ಇರಿಸುತ್ತಿತ್ತು. ಮಳೆ ನಿಂತ ಮೇಲೆ ನೋಡಿದರೆ, ಯಾರೂ ಮುಟ್ಟದೆಯೇ ಎಷ್ಟೋ ತೋಟೆಗಳು ಬಿರುಕುಬಿಟ್ಟಿದ್ದವು! ಗುಂಡನ್ನು ಕಚ್ಚಿ ಹಿಡಿದ ಭಾಗದಲ್ಲಿಯೇ ಬಿರುಕು ಹೆಚ್ಚು. ಕುದುರೆಯ ಮೂತ್ರದಿಂದೇಳುವ ಅಮೋನಿಯವೂ ಲೋಹದೊಳಗೆ ಉಳಿದುಹೋದ ಬಿಗುವೂ ಕೂಡಿ ಮಾಡಿದ ಕೆಲಸವಿದೆಂದು ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬವರು ವಿವರಿಸಿದ್ದು 1921ರಲ್ಲಿ. ಹದವಾಗಿ ಕಾಯಿಸಿ ಬಿಗುವನ್ನು ಸಡಿಲಿಸುವುದೇ ಪರಿಹಾರವಾಯಿತು. ಅಮೋನಿಯ ಬೆರೆತ ದ್ರಾವಣದಲ್ಲಿ ಹಿತ್ತಾಳೆಯನ್ನು ನೆನೆಹಾಕಬಾರದೆಂಬ ಎಚ್ಚರಿಕೆ ಇಂದಿಗೂ ಉಂಟು.

ಸ್ಟಿಕಲ್‌ಡೌನಿನಲ್ಲಿ ಬಾವುಟ ಕ್ಷಣಕ್ಕೊಂದು ದಿಕ್ಕಿಗೆ ಹೊರಳುತ್ತದೆ. ಅದು ಯಾರ ಅಂಕೆಯಲ್ಲಿಯೂ ಇಲ್ಲ. ಗುರಿಕಾರನ ಅಂಕೆಯಲ್ಲಿರುವುದು ಹಿತ್ತಾಳೆಯೊಂದೇ. ಗುಂಡು ಹಾರುತ್ತದೆ, ದೂರದ ಹಲಗೆ ಕೆಳಗಿಳಿದು, ತಗಲಿದ ಕಡೆಯಲ್ಲಿ ಬಿಲ್ಲೆಯೊಂದನ್ನು ಹೊತ್ತು ಮೇಲೇಳುತ್ತದೆ. ಆತ ದುರ್ಬೀನಿನಲ್ಲಿ ಅದನ್ನು ನೋಡಿ, ಇನ್ನೂ ಬೆಚ್ಚಗಿರುವ ಖಾಲಿ ತೋಟೆಯನ್ನು ನೆಲಕ್ಕೆ ಬೀಳಗೊಡದೆ ಪೆಟ್ಟಿಗೆಯಲ್ಲಿ ಅದರ ಸ್ಥಾನದಲ್ಲಿಯೇ ಇರಿಸುತ್ತಾನೆ. ಮನೆಯಲ್ಲಿ ಅದಕ್ಕೆ ಮತ್ತೆ ಕೆಲಸವಿದೆ.