ಬೇತಮಂಗಲದಲ್ಲಿ ಅಳತೆಯ ಸ್ಪ್ಯಾನರು

ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ರೈಲುದಾರಿಯಲ್ಲಿ ಬಂಗಾರಪೇಟೆಯೆಂಬ ನಿಲ್ದಾಣವಿರುವುದು ವಾಚಕರಿಗೆ ತಿಳಿದ ಸಂಗತಿಯೇ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ದೊರೆಯ ಹೆಸರಿನಿಂದ ಹಿಂದೆ ಬೌರಿಂಗಪೇಟೆಯೆನಿಸಿಕೊಂಡಿದ್ದ ಈ ಊರಿನಿಂದ ಚಿನ್ನದ ಗಣಿಗಳಿಗೆಂದೇ ೧೮೯೪ರಲ್ಲಿ ಒಂದು ಕವಲುದಾರಿಯನ್ನು ಹಾಕಿದರು. ಮಾರಿಕುಪ್ಪದವರೆಗೆ ಹತ್ತೇ ಮೈಲಿಯ ಈ ದಾರಿಯಲ್ಲಿ ಗಾಡಿಯು ಸಾಗುತ್ತಿರಲು, ಬಲಕ್ಕೂ ಎಡಕ್ಕೂ ಬೂದುಬಣ್ಣದ ಬೋಳು ಗುಡ್ಡಗಳು ಕಾಣಿಸುವುವು. ಅವು ದೇವರು ಮಾಡಿದ ಗುಡ್ಡಗಳಲ್ಲ. ಚಿನ್ನವನ್ನು ಬಸಿದುಕೊಂಡ ಮೇಲೆ ಉಳಿದ ಕಲ್ಲಿನ ಹಿಟ್ಟನ್ನು ನೂರಿಪ್ಪತ್ತು ವರ್ಷ ಸುರಿದು ಸುರಿದು ಆದ ರಾಶಿಗಳು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಮನುಷ್ಯರನ್ನು ಇಳಿಸುತ್ತಿದ್ದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿಹೋದವು. ರೈಲು ಮಾತ್ರ ಇನ್ನೂ ಓಡುತ್ತಿದೆ. ಬೆಳಗಿನ ಜಾವದಲ್ಲಿ ಬೆಂಗಳೂರಿನ ಕೆಲಸಗಳಿಗೆ ಜನರನ್ನು ತುಂಬಿಕೊಂಡು ಹೋಗಿ ಕತ್ತಲಾದ ಮೇಲೆ ತಂದುಬಿಡುವುದೇ ಈಗ ಅದರ ಮುಖ್ಯ ಕಾರ್ಯ.

ನಾವು ಉರಿಗಾಂ ನಿಲ್ದಾಣದಲ್ಲಿ ಇಳಿದು, ರಾಬರ್ಟ್‌ಸನ್ ಪೇಟೆಯಲ್ಲಿ ಬಸ್ಸು ಹಿಡಿದು ಬೇತಮಂಗಲವನ್ನು ಸೇರಿದೆವು. ಗಣಿಯ ಸೀಮೆಯ ಧೂಳಿನಿಂದ ಬಂದವರಿಗೆ ಈ ಊರಿನ ಕೆರೆಯನ್ನು ಕಂಡೊಡನೆ ಕಣ್ಣು ತಂಪಾಗುವುದು. ಪಾಲಾರು ನದಿಯನ್ನು ತಡೆದು ಕಟ್ಟಿದ ಕೆರೆಯಿದು. ಮಳೆಯಾದ ವರ್ಷ ಸಮುದ್ರದಂತೆಯೂ, ಆಗದ ವರ್ಷ ದನ ಮೇಯುವ ಬಯಲಿನಂತೆಯೂ ಇರುವುದು. ಶಾಸನಗಳು ಊರನ್ನು ವಿಜಯಾದಿತ್ಯಮಂಗಲವೆಂದು ಕರೆಯುತ್ತವೆ. ಒಡೆದ ಈ ಕೆರೆಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬರ ದೊರೆಯು ಸರಿಪಡಿಸಿದನೆಂಬುದನ್ನು ನೋಡಿದರೆ, ಕೆರೆಯು ಅದಕ್ಕಿಂತಲೂ ಹಳೆಯದೆಂದಾಯಿತು. ಊರಿನಲ್ಲಿ ವಿಜಯೇಂದ್ರಸ್ವಾಮಿಯ ದೇವಾಲಯವಿದೆ.

ಆದರೆ ಬೇತಮಂಗಲದ ಹೆಸರು ಹೊರಗೆ ಹಬ್ಬಿದ್ದು ದೇವಾಲಯದಿಂದಲ್ಲ, ನೀರಿನಿಂದ. ಚಿನ್ನದ ಗಣಿಯ ಜನಕ್ಕೆ ಕುಡಿಯುವ ನೀರು ಈ ಕೆರೆಯಿಂದಲೇ ಹೋಗಬೇಕಾಗಿತ್ತು. ಕಳೆದ ಶತಮಾನದ ಆದಿಭಾಗದಲ್ಲಿ ಇಲ್ಲಿ ನೀರಿನ ಕಾರ್ಖಾನೆಯನ್ನು ಕಟ್ಟಿ, ನೀರನ್ನು ಸೋಸಿ, ಪಂಪುಗಳಿಂದ ಗಣಿಯ ಊರುಗಳಿಗೆ ಏರಿಸಿದರು. ಕಬ್ಬಿಣದ ಕೊಳವೆಯೆಂದರೆ ಒಂದೇ ತುಂಡಲ್ಲವಷ್ಟೆ. ತುಂಡಿಗೆ ತುಂಡು ಕೂಡುವೆಡೆಗಳಲ್ಲಿ ಚಾಚುಬಳೆಗಳನ್ನಿಟ್ಟು, ನಡುವೆ ರಬ್ಬರಿನ ಹಾಳೆಯನ್ನು ಹಾಕಿ, ಸುತ್ತಲೂ ಬೋಲ್ಟುಗಳಿಂದ ಬಿಗಿಯಬೇಕು. ಕಡಮೆ ಬಿಗಿದರೆ ನೀರು ಜಿನುಗುವುದು. ಹೆಚ್ಚು ಬಿಗಿದರೆ ರಬ್ಬರು ಹಿಸುಕಿಹೋಗುವುದು, ಇಲ್ಲವೇ ಬೀಡುಕಬ್ಬಿಣದ ಬಳೆ ಸೀಳುವುದು.

ಈ ತೊಂದರೆಯು ಬೇತಮಂಗಲದ ಸೊತ್ತೇನೂ ಅಲ್ಲ. ೧೯೧೮ರಲ್ಲಿ ನ್ಯೂಯಾರ್ಕ್ ಪಟ್ಟಣದ ನೀರಿನ ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬವನು, ನೆಲದಡಿಯ ಕೊಳವೆಗಳ ಬೋಲ್ಟುಗಳನ್ನು ಆಳುಗಳು ಮಿತಿಮೀರಿ ಬಿಗಿದು ಕೆಡಿಸುವುದನ್ನು ನೋಡಿ, ಎಷ್ಟು ಬಿಗಿದೆವೆಂಬುದನ್ನು ತಾನೇ ತಿಳಿಸುವ ಸ್ಪ್ಯಾನರನ್ನು ಮಾಡಿದನೆಂದು ಹೇಳುವರು. ಇಂದು ಅಂಗಡಿಗಳಲ್ಲಿ ಟಾರ್ಕ್ ರೆಂಚೆಂದು ಮಾರುವುದು ಅದರ ಸಂತತಿಯೇ. ಮೋಟಾರಿನ ಕಾರ್ಖಾನೆಗಳ ಸಲಕರಣೆಯೆಂದು ನಾವೆಲ್ಲರೂ ಎಣಿಸುವ ಈ ವಸ್ತುವು ಹುಟ್ಟಿದ್ದು ನೀರಿನ ಮನೆಯಲ್ಲಿ. ಈ ಸಲದ ನಮ್ಮ ಪ್ರಯಾಣವೂ ಇಂಥದೊಂದನ್ನು ಕೊಳ್ಳುವ ಸಲುವಾಗಿಯೇ ಆಗಿದ್ದುದರಿಂದ, ನೀರಿನ ಊರಿಗೆ ಬಂದದ್ದು ಉಚಿತವೇ ಆಯಿತು.

ಬೇತಮಂಗಲದಲ್ಲಿ ನಮ್ಮ ಅಕ್ಕನ ಮನೆ. ಭಾವನವರಿಗೆ ಒಂದು ಸಣ್ಣ ಕಾರಿದೆ. ಅದನ್ನು ಹೆಚ್ಚಾಗಿ ನಡೆಸುವವಳು ನಮ್ಮ ಸೋದರಸೊಸೆ. ಅವಳು ಕೋಲಾರದ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿ. ಎರಡು ತಿಂಗಳ ಹಿಂದೆ ಒಂದು ಸಂಜೆ ಹಿಂದಿರುಗುವಾಗ ದಾರಿಯಲ್ಲಿ ಚಕ್ರ ಪಂಕ್ಚರಾಯಿತು. ಹುಡುಗಿಗೆ ಜಾಕಿ ಹಾಕಲು ಬರುತ್ತದೆ, ಸ್ಟೆಪ್ನಿ ಬದಲಿಸಲು ಬರುತ್ತದೆ. ನಟ್ಟುಗಳು ಮಾತ್ರ ಅಲುಗಲೊಲ್ಲವು. ಹಿಂದಿನ ವಾರವಷ್ಟೆ ಟಯರನ್ನು ಹಾಕಿಸಿದ್ದ ಒಂದು ಅಂಗಡಿಯಲ್ಲಿ, ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆಯನ್ನು ಸಿಕ್ಕಿಸಿ ಬಲವಾಗಿ ಜಗ್ಗಿದ್ದರಂತೆ. ಕತ್ತಲಾದ ಮೇಲೆ ಒಂದು ಲಾರಿಯವರು ನಿಂತು ಬಿಚ್ಚಿಕೊಟ್ಟರು. ಬಿಚ್ಚುವಾಗ ಒಂದು ಸ್ಟಡ್ಡು ಮುರಿದು ಬಂತು. ಅಕ್ಕ ಆ ರಾತ್ರಿ ಒಂಬತ್ತೂವರೆಯವರೆಗೆ ಬಾಗಿಲಲ್ಲಿ ನಿಂತಿದ್ದುದನ್ನು ಹೇಳುತ್ತ ಈಗಲೂ ಕಣ್ಣೊರೆಸಿಕೊಂಡರು. "ಬಿಗಿಯಾಗಿದ್ದರೆ ಒಳ್ಳೆಯದಲ್ಲವೇ ಎಂದುಕೊಂಡಿದ್ದೆ, ಬಿಗಿಯೂ ಹೀಗೆ ಮಾಡುತ್ತದೆಂದು ಯಾರಿಗೆ ಗೊತ್ತು!" ಎಂದರು ಭಾವನವರು.

ಇದರ ಲೆಕ್ಕ ಬಹು ಸುಲಭ. ನಟ್ಟನ್ನು ತಿರುಗಿಸುವ ಬಲವೆಂದರೆ ಎಳೆತದ ಭಾರವನ್ನು ಹಿಡಿಯ ಉದ್ದದಿಂದ ಗುಣಿಸಿದಷ್ಟು. ಒಂದು ಮೀಟರು ದೂರದಲ್ಲಿ ಒಂದು ಕೆ.ಜಿ. ಭಾರವನ್ನು ತೂಗಹಾಕಿದರೆ ಸುಮಾರು ೯.೮ ನ್ಯೂಟನ್ ಮೀಟರು. ಭಾವನವರ ಕಾರಿನ ಕೈಪಿಡಿಯಲ್ಲಿ ಚಕ್ರದ ನಟ್ಟಿಗೆ ೮೫ ನ್ಯೂಟನ್ ಮೀಟರೆಂದು ಬರೆದಿದೆ. ಒಂದು ಮೀಟರಿನ ಕೊಳವೆಯನ್ನು ಮೂವತ್ತು ಕೆ.ಜಿ.ಯಷ್ಟು ಎಳೆದರೆ ಸುಮಾರು ೩೦೦ ಆಗುವುದು. ಗಟ್ಟಿ ಆಳಿಗೆ ಅದು ಆಟದ ಮಾತು. ಅದನ್ನೇ ಗಾಡಿಯ ಜೊತೆಗೆ ಬರುವ ಕಾಲು ಮೀಟರಿನ ಸ್ಪ್ಯಾನರಿನಿಂದ ಬಿಚ್ಚಬೇಕಾದರೆ ೧೨೦ ಕೆ.ಜಿ.ಯಷ್ಟು ಬಲ ಬೇಕು. ನಮ್ಮ ಹುಡುಗಿ ಐವತ್ತು ಕೆ.ಜಿ.ಯವಳು, ಹಿಡಿಯ ಮೇಲೆ ಹತ್ತಿ ಕುಣಿದಿದ್ದರೂ ಆಗುತ್ತಿರಲಿಲ್ಲ. ಬೋಲ್ಟೆಂಬುದು ಒಂದು ಗಟ್ಟಿ ಸ್ಪ್ರಿಂಗಿದ್ದಂತೆ. ತಕ್ಕಷ್ಟು ಎಳೆದರೆ ಹಿಡಿದಿರುವುದು, ಮಿತಿಮೀರಿ ಎಳೆದರೆ ಮರಳಿ ಕುಗ್ಗದೆ ಸೋತು, ಮುಂದೆ ಎಂದೋ ಮುರಿಯುವುದು.

ಮರುದಿನ ಬೆಳಗ್ಗೆ ಭಾವನವರೊಡನೆ ರಾಬರ್ಟ್‌ಸನ್ ಪೇಟೆಗೆ ಹೋದೆವು. ಗಣಿ ಮುಚ್ಚಿದರೂ ಈ ಪೇಟೆಯ ಸಲಕರಣೆ ಅಂಗಡಿಗಳಲ್ಲಿ ಮಾತು ತಿಳಿದವರಿದ್ದಾರೆ. ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯು ಮಣ್ಣೆತ್ತುವ ಯಂತ್ರಗಳನ್ನು ಇದೇ ಸೀಮೆಯಲ್ಲಿ ತಯಾರಿಸುವುದರಿಂದ, ನಟ್ಟು ಬೋಲ್ಟುಗಳ ವಿಚಾರದಲ್ಲಿ ಇಲ್ಲಿನ ಗಿರಾಕಿಯನ್ನು ಸುಲಭವಾಗಿ ಮೋಸಗೊಳಿಸಲಾಗದು. ತಮಿಳು, ತೆಲುಗು, ಕನ್ನಡ ಮೂರರಲ್ಲಿಯೂ ಚೌಕಾಸಿ ನಡೆಯುತ್ತಿತ್ತು.

ಅಂಗಡಿಯವರು ಮೊದಲು ತೋರಿಸಿದ್ದು ಕಡ್ಡಿಯದು. ಉದ್ದನೆಯ ಉಕ್ಕಿನ ಸಲಾಕೆ ಬಾಗಿದಂತೆ, ಬಾಗದ ಕಡ್ಡಿಯೊಂದು ಅಂಕಿಗಳ ಪಟ್ಟಿಯ ಮೇಲೆ ಸರಿದು ಬಲವನ್ನು ತೋರಿಸುವುದು. ಕೆಡುವ ಭಾಗವೇ ಇಲ್ಲದ, ಬೆಲೆಯೂ ಕಡಮೆಯಾದ ಈ ಸಲಕರಣೆಯನ್ನು ನಾವು ತುಂಬ ಮೆಚ್ಚುತ್ತೇವೆ. ಆದರೆ ಅಂಕಿಯನ್ನು ನೇರವಾಗಿ ಮೇಲಿನಿಂದ ನೋಡಬೇಕು. ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಸಂಜೆಯ ಬೆಳಕಿನಲ್ಲಿ, ಚಾಳೀಸಿನ ಕನ್ನಡಕದವರು ಅದನ್ನು ಓದುವುದು ಕಷ್ಟ. ಎರಡನೆಯದು ಕ್ಲಿಕ್ಕೆನ್ನುವುದು. ಹಿಡಿಯನ್ನು ತಿರುಗಿಸಿ ಬೇಕಾದ ಅಂಕಿಗೆ ನಿಲ್ಲಿಸಿದರೆ ಒಳಗಿನ ಸ್ಪ್ರಿಂಗು ಅಷ್ಟಕ್ಕೆ ಒತ್ತಿಕೊಂಡಿದ್ದು, ಬಲವು ಅಲ್ಲಿಗೆ ಮುಟ್ಟಿದೊಡನೆ ಕೊಂಡಿ ಜಾರಿ, ಕೈಗೂ ಕಿವಿಗೂ ತಿಳಿಯುವಂತೆ ಟಕ್ಕೆನ್ನುವುದು. ಟಕ್ಕೆಂದ ಮೇಲೂ ಎಳೆದರೆ ನಟ್ಟು ಬಿಗಿಯುತ್ತಲೇ ಹೋಗುವುದು. ಅದು ಹೇಳುತ್ತದೆಯೇ ಹೊರತು ತಡೆಯುವುದಿಲ್ಲ. ಬ್ಯಾಟರಿ ಹಾಕಿ ಅಂಕಿ ಬೆಳಗಿಸುವವೂ ಇದ್ದುವು. ಅವುಗಳ ಬೆಲೆಯನ್ನು ಕೇಳಿ ಭಾವನವರು ಮೆಲ್ಲನೆ ಕೆಳಗಿಟ್ಟರು.

ಗೃಹಸ್ಥರು ಮೋಸಹೋಗುವುದು ಜಾತಿಯ ಆಯ್ಕೆಯಲ್ಲಲ್ಲ, ಅಳತೆಯ ವ್ಯಾಪ್ತಿಯಲ್ಲಿ. ಒಂದೇ ರೆಂಚಿನಿಂದ ಸ್ಕೂಟರಿನ ಸ್ಪಾರ್ಕ್ ಪ್ಲಗ್ಗನ್ನೂ ಕಾರಿನ ಚಕ್ರವನ್ನೂ ಬಿಗಿಯಬಹುದೆಂಬ ಆಸೆ ಎಲ್ಲರಿಗೂ ಉಂಟು. ಅದು ಅಕ್ಕಿಯ ಮಂಡಿಯ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಇಂಥ ಸಲಕರಣೆಯ ಭರವಸೆಯು ಸಾಮಾನ್ಯವಾಗಿ ಅದರ ಗರಿಷ್ಠ ಅಂಕಿಯ ಐದನೆಯ ಒಂದು ಭಾಗದಿಂದ ಮೇಲಕ್ಕೆ ಮಾತ್ರ. ಪ್ಲಗ್ಗಿಗೆ ಬೇಕಾದ ಬಲವೋ ಎಷ್ಟೋ ಸಲ ಇಪ್ಪತ್ತನ್ನೂ ಮುಟ್ಟುವುದಿಲ್ಲ. ಆದ್ದರಿಂದ ಮನೆಯಲ್ಲಿ ಯಾವ ನಟ್ಟುಗಳಿವೆಯೆಂಬುದನ್ನು ಮೊದಲು ಕೈಪಿಡಿ ನೋಡಿ ಬರೆದುಕೊಂಡು ಹೋಗಬೇಕು. ಕಾರಿನ ಚಕ್ರವೇ ಮುಖ್ಯವಾದರೆ ಅರ್ಧ ಅಂಗುಲದ ಚೌಕವುಳ್ಳ, ೪೦ರಿಂದ ೨೧೦ರವರೆಗಿನದು ಸಾಕು. ೮೫ ಅದರ ವ್ಯಾಪ್ತಿಯೊಳಗೇ ಬೀಳುವುದು. ಮೋಟಾರು ಸೈಕಲ್ಲು ಮಾತ್ರ ಇರುವವರು ಸಣ್ಣ ಚೌಕದ, ಕಡಮೆ ಅಂಕಿಗಳದ್ದನ್ನೇ ಕೊಳ್ಳುವುದು ಮೇಲು.

ಹೆಸರಿಲ್ಲದ ತಯಾರಿಕೆಯದು ಎರಡು ಸಾವಿರ ರೂಪಾಯಿಯ ಆಸುಪಾಸಿಗೆ, ಹೆಸರಾದದ್ದು ಅದರ ಎರಡು ಮೂರು ಪಟ್ಟಿಗೆ ದೊರೆಯುತ್ತಿತ್ತು. ಅಗ್ಗದ್ದೆಲ್ಲ ಕೆಟ್ಟದ್ದಲ್ಲ. ಅಂಕಿಗಳನ್ನು ಬಣ್ಣದಲ್ಲಿ ಬರೆಯದೆ ಉಕ್ಕಿನಲ್ಲಿ ಕೊರೆದಿದೆಯೇ, ಹಿಡಿಯ ಬೀಗವು ಗಟ್ಟಿಯಾಗಿ ನಿಲ್ಲುವುದೇ, ಪೆಟ್ಟಿಗೆಯೊಳಗೆ ಪರೀಕ್ಷೆಯ ಚೀಟಿಯಿದ್ದು ಅದರ ಸಂಖ್ಯೆಯೂ ರೆಂಚಿನ ಮೇಲಿನ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ನೋಡಿದೆವು. ಐ.ಎಸ್.ಒ. ೬೭೮೯ ಎಂಬ ನಿಯಮದಂತೆ ಈ ಗಾತ್ರದ ಕ್ಲಿಕ್ ರೆಂಚು ನೂರಕ್ಕೆ ನಾಲ್ಕರ ಒಳಗೆ ತಪ್ಪಬಹುದು; ಮನೆಯ ಕೆಲಸಕ್ಕೆ ಅದು ಧಾರಾಳವಾಯಿತು. ಬಳಸಿದ್ದೊಂದನ್ನು ಅಂಗಡಿಯವರು ಮುಕ್ಕಾಲು ಬೆಲೆಗೆ ಕೊಡುತ್ತೇವೆಂದರು. ಅದರ ಹಿಡಿಯು ೧೮೦ರಲ್ಲಿ ನಿಂತಿತ್ತು! ಎಷ್ಟು ವರ್ಷದಿಂದ ಸ್ಪ್ರಿಂಗು ಹಾಗೆ ಒತ್ತಿಕೊಂಡಿತ್ತೋ, ಬೇಡವೆಂದೆವು. ಕೊನೆಗೆ ಚೀಟಿಯಿದ್ದ ಅಗ್ಗದ್ದೊಂದನ್ನೂ, ನಟ್ಟಿಗೆ ಒಪ್ಪುವ ಸಾಕೆಟ್ಟನ್ನೂ ಕೊಂಡು ಊಟದ ಹೊತ್ತಿಗೆ ಮನೆಗೆ ಮರಳಿದೆವು.

ಮುದ್ದೆ, ಅವರೆಕಾಳಿನ ಸಾರು ಮುಗಿದ ಮೇಲೆ ಪರೀಕ್ಷೆ. ನೆರೆಯಲ್ಲಿ ಒಬ್ಬ ಹಳೆಯ ಫಿಟ್ಟರಿದ್ದಾರೆ. ಗಣಿ ಮುಚ್ಚುವವರೆಗೂ ಪಂಪುಗಳ ಕೆಲಸದಲ್ಲಿದ್ದವರು. ಅವರ ಜಗುಲಿಯ ಬೆಂಚ್‌ವೈಸಿನಲ್ಲಿ ರೆಂಚಿನ ಚೌಕವನ್ನು ಕಚ್ಚಿಸಿ, ಹಿಡಿಯನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿದೆವು. ನೀರಿನ ಕ್ಯಾನನ್ನು ತೂಕದ ಮೇಲಿಟ್ಟು, ಕ್ಯಾನು ಸಹಿತ ಸರಿಯಾಗಿ ೨೦ ಕೆ.ಜಿ. ಆಗುವಂತೆ ನೀರು ತುಂಬಿ, ಚೌಕದಿಂದ ೪೦ ಸೆಂಟಿಮೀಟರು ದೂರದಲ್ಲಿ, ಹಿಡಿಯ ನಡುವಿಗೆ ಹಗ್ಗದಿಂದ ಮೆಲ್ಲನೆ ಇಳಿಬಿಟ್ಟೆವು. ಲೆಕ್ಕದಂತೆ ಅದು ಸುಮಾರು ೭೮. ರೆಂಚಿನ ಸ್ವಂತ ಭಾರವನ್ನು ಕೂಡಿಸಿದರೆ ೮೦ರ ಮೇಲೊಂದು ಚೂರು. ಅಂಕಿಯನ್ನು ೭೫ಕ್ಕೆ ಇಟ್ಟಾಗ ಟಕ್ಕೆಂದಿತು. ೮೮ಕ್ಕೆ ಇಟ್ಟಾಗ ಸುಮ್ಮನಿತ್ತು. ಮೂರು ಸಲ ಮಾಡಿದರೂ ಹಾಗೆಯೇ. ಚೀಟಿ ಸುಳ್ಳಾಡಿರಲಿಲ್ಲ.

ಫಿಟ್ಟರು ಇದನ್ನೆಲ್ಲ ನಸುನಗುತ್ತ ನೋಡುತ್ತಿದ್ದವರು, "ಇದಕ್ಕೇಕೆ ಸ್ವಾಮಿ ಅಷ್ಟು ದುಡ್ಡು? ಕೈಗೆ ತಿಳಿಯದೇ?" ಎಂದರು. ಇಪ್ಪತ್ತೈದು ವರ್ಷ ಬೋಲ್ಟು ಬಿಗಿದ ಕೈಯದು; ಮಾತಿಗೆ ಆಧಾರವಿತ್ತು. ಭಾವನವರು, "ನೀವೇ ಒಂದು ಚಕ್ರ ಹಾಕಿಕೊಡಿ ಮೇಸ್ತ್ರಿ, ನೋಡೋಣ" ಎಂದರು. ಅವರು ನಾಲ್ಕು ನಟ್ಟುಗಳನ್ನೂ ಬೆರಳಿನಿಂದ ಕೂರಿಸಿ, ಎದುರೆದುರಿನವನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದು, ಜಾಕಿಯನ್ನು ಇಳಿಸಿ, ಕೊನೆಯ ಎಳೆತವನ್ನು ಕೊಟ್ಟರು. ಆ ಕ್ರಮವನ್ನು ನೋಡುವುದೇ ಒಂದು ಪಾಠವಾಗಿತ್ತು. ಆಮೇಲೆ ರೆಂಚನ್ನು ೮೫ಕ್ಕೆ ಇಟ್ಟು ಒಂದೊಂದಕ್ಕೇ ಹಾಕಿದೆವು. ಮೂರು ನಟ್ಟುಗಳು ಕದಲದೆ ಟಕ್ಕೆಂದವು. ೧೦೦ಕ್ಕೆ ಏರಿಸಿದರೆ ಮೂರೂ ಕೂದಲೆಳೆಯಷ್ಟು ಸರಿದವು; ಅಂದರೆ ಮುದುಕರ ಕೈ ೮೫ಕ್ಕೂ ೧೦೦ಕ್ಕೂ ನಡುವೆ ನಿಂತಿತ್ತು! ನಾವು ಬೆರಗಾದೆವು. ಕೂಡಲೆ ಅವನ್ನು ಸಡಿಲಿಸಿ ಮತ್ತೆ ೮೫ಕ್ಕೆ ತಂದೆವು. ನಾಲ್ಕನೆಯದು ಮಾತ್ರ ೮೫ಕ್ಕೆ ಮುಟ್ಟುವ ಮೊದಲು ಕಾಲು ಸುತ್ತು ತಿರುಗಿತು. ಫಿಟ್ಟರು ಆ ನಟ್ಟನ್ನೇ ಸ್ವಲ್ಪ ಹೊತ್ತು ನೋಡಿ, ಬಲ ಭುಜವನ್ನು ಒತ್ತಿಕೊಂಡು, "ಅದು ಕೊನೆಯದು. ಅಷ್ಟರಲ್ಲಿ ಇದು ನೋಯುತ್ತಿತ್ತು" ಎಂದರು. ಬಳಿಕ ರೆಂಚನ್ನು ಈಸಿಕೊಂಡು, ಹಿಡಿಯ ಅಂಕಿಗಳನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿ, ಬಹಳ ಹೊತ್ತು ಪರಿಶೀಲಿಸಿದರು.

ಹುಡುಗಿಗೆ ಬಳಸುವ ಕ್ರಮವನ್ನು ಕಲಿಸಿದವರೂ ಅವರೇ. ಹಿಡಿಯ ನಡುವನ್ನೇ ಹಿಡಿಯಬೇಕು, ಜರ್ಕು ಕೊಡದೆ ನಿಧಾನವಾಗಿ ಎಳೆಯಬೇಕು, ಒಂದು ಸಲ ಟಕ್ಕೆಂದರೆ ಕೈ ಬಿಡಬೇಕು. ನಟ್ಟು ಬಿಚ್ಚಲು ಇದನ್ನು ಎಂದೂ ಉಪಯೋಗಿಸಬಾರದು. ಅದಕ್ಕೆ ಹಳೆಯ ಸ್ಪ್ಯಾನರಿದೆ. ಕೈಪಿಡಿ ಹೇಳದೆ ಸ್ಟಡ್ಡಿಗೆ ಎಣ್ಣೆ ಹಚ್ಚಬಾರದು. ಬಿಗಿಯುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಜ್ಜಾಟಕ್ಕೇ ಹೋಗುವುದರಿಂದ, ಎಣ್ಣೆಯಿದ್ದರೆ ಅದೇ ಅಂಕಿಯಲ್ಲಿ ಬೋಲ್ಟು ಮಿತಿಮೀರಿ ಎಳೆಯಲ್ಪಡುವುದು. ಕೆಲಸ ಮುಗಿದ ಮೇಲೆ ಹಿಡಿಯನ್ನು ಅತಿ ಕಡಮೆಯ ಅಂಕಿಗೆ ತಿರುಗಿಸಿ ಪೆಟ್ಟಿಗೆಯಲ್ಲಿಡಬೇಕು. ಅದಕ್ಕಿಂತ ಕೆಳಕ್ಕೆ ಸಡಿಲಿಸಲೂ ಬಾರದು. ಸೊಸೆ ಪೆಟ್ಟಿಗೆಯ ಮುಚ್ಚಳದ ಒಳಗಡೆ ದೊಡ್ಡದಾಗಿ ೮೫ ಎಂದು ಬರೆದಳು.

ಚಕ್ರ ಹಾಕಿ ಐವತ್ತು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಬೇಕಷ್ಟೆ. ಕೋಲಾರಕ್ಕೆ ಹೋಗಿಬರುವುದೇ ಅರವತ್ತರ ಸುಮಾರು. ಸೋಮವಾರ ಸಂಜೆ ಅವಳೇ ನೋಡುವುದೆಂದು ನಿಶ್ಚಯವಾಯಿತು. ಪರೀಕ್ಷೆಗೆ ತುಂಬಿದ್ದ ನೀರನ್ನು ಚೆಲ್ಲಲು ಹೊರಟಿದ್ದ ಭಾವನವರನ್ನು ಅಕ್ಕ ತಡೆದು, ಕ್ಯಾನನ್ನು ಹಿತ್ತಲಿಗೆ ಒಯ್ಯಿಸಿ, ಕರಿಬೇವಿನ ಗಿಡದ ಬುಡಕ್ಕೆ ಹಾಕಿಸಿದರು.