ಅಪ್ಪ ಏನು ತರೋಕೆ ಹೇಳಿದ್ರು?

ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ಅವರ ಹಳೇ ಫೋನಿನ ಮೆಮೊರಿ ಕಾರ್ಡ್ ಡ್ರಾಯರಿನಲ್ಲಿ ಸಿಕ್ಕಿತು. ಆ ಫೋನಿನಲ್ಲಿ ಕಾಲ್ ರೆಕಾರ್ಡಿಂಗ್ ಸದಾ ಆನ್. ಯಾರು ಮಾಡಿಟ್ಟಿದ್ದರೋ, ಅಪ್ಪನಿಗಂತೂ ಗೊತ್ತಿರಲಿಲ್ಲ. ಲ್ಯಾಪ್‌ಟಾಪಿಗೆ ಹಾಕಿದರೆ ಕಾರ್ಡ್ ಇದೆ ಅಂತಲೇ ತೋರಿಸಲಿಲ್ಲ.

ಡೇಟಾ ರಿಕವರಿ ಮಾಡುವ ಹುಡುಗ ನೋಡಿ, "ಕಂಟ್ರೋಲರ್ ಹೋಗಿದೆ ಸರ್, ಮೆಮೊರಿ ಬದುಕಿರಬಹುದು" ಅಂದ. ಕಾರ್ಡಿನ ಮೇಲ್ಪದರ ಕೆರೆದು, ಕೂದಲೆಳೆಯಂಥ ತಂತಿಗಳನ್ನು ಬೆಸೆದು ಒಳಗಿನ ಫ್ಲ್ಯಾಶ್ ಅನ್ನೇ ನೇರ ಓದಿದ. (ಈಗಿನ ಫೋನುಗಳ ಒಳಗಿನ ಮೆಮೊರಿ ಎನ್‌ಕ್ರಿಪ್ಟ್ ಆಗಿರುತ್ತೆ, ಅಲ್ಲಿ ಈ ಉಪಾಯ ನಡೆಯಲ್ಲ. ಹಳೇ ಕಾರ್ಡ್ ಆಗಿದ್ದಕ್ಕೆ ಬಚಾವ್.)

ಫ್ಲ್ಯಾಶ್‌ನಲ್ಲಿ ಸೊನ್ನೆ, ಒಂದು ಅಂದರೆ ಪುಟ್ಟ ಕೋಶಗಳಲ್ಲಿ ಕೂಡಿಟ್ಟ ಎಲೆಕ್ಟ್ರಾನುಗಳು. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ನಿಧಾನಕ್ಕೆ ಸೋರುತ್ತವೆ. ಅಲ್ಲೊಂದು ಇಲ್ಲೊಂದು ಬಿಟ್ ಮಗುಚುತ್ತದೆ. ಹೊಸ ಕಾರ್ಡಿನಲ್ಲೂ ತಪ್ಪುಗಳಿರುತ್ತವೆ, ಕಂಟ್ರೋಲರ್ ಸದ್ದಿಲ್ಲದೆ ತಿದ್ದುತ್ತಿರುತ್ತದೆ ಅಷ್ಟೇ. ಪ್ರತಿ ತುಂಡಿನ ಜೊತೆ ಲೆಕ್ಕ ಹಾಕಿ ಬರೆದಿಟ್ಟ ಕೆಲವು ಹೆಚ್ಚುವರಿ ಬೈಟುಗಳಿಂದ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತದೆ. ನಮ್ಮ ಕಾರ್ಡಿನಲ್ಲಿ ಕಂಟ್ರೋಲರೇ ಇಲ್ಲವಲ್ಲ, ಆ ಕೆಲಸ ಸಾಫ್ಟ್‌ವೇರಿನಲ್ಲಿ ಮಾಡಬೇಕಿತ್ತು.

ಅದರಲ್ಲಿದ್ದದ್ದು ಬಿಸಿಎಚ್ ಕೋಡ್. ಬಿ ಅಂದರೆ ಬೋಸ್: ಕೋಲ್ಕತ್ತದಲ್ಲಿ ಸಂಖ್ಯಾಶಾಸ್ತ್ರ ಮಾಡಿಕೊಂಡಿದ್ದು ಆಮೇಲೆ ಅಮೆರಿಕಕ್ಕೆ ಹೋದ ರಾಜ್ ಚಂದ್ರ ಬೋಸ್. ರಾಯ್ ಚೌಧುರಿ ಜೊತೆ 1960ರಲ್ಲಿ ಇದನ್ನು ಪ್ರಕಟಿಸಿದರು. ಇಂಜಿನಿಯರಿಂಗಿನಲ್ಲಿ ಇದರ ಮೇಲೆ ಒಳ್ಳೇ ಮಾರ್ಕ್ಸ್ ತೆಗೆದಿದ್ದೆ. ಅರ್ಥವಾಗಿರಲಿಲ್ಲ.

ಇದಕ್ಕೊಂದು ಮಿತಿಯಿದೆ. ತುಂಡಿಗೆ 40 ತಪ್ಪು ತಿದ್ದುವಂತೆ ಮಾಡಿದ್ದರೆ 40ನ್ನೂ ಕರಾರುವಾಕ್ಕಾಗಿ ತಿದ್ದುತ್ತದೆ. 41 ಆದರೆ ಕೈಚೆಲ್ಲುತ್ತದೆ. ಆಗ ಸೊನ್ನೆ-ಒಂದನ್ನು ಬೇರ್ಪಡಿಸುವ ವೋಲ್ಟೇಜ್ ಗೆರೆಯನ್ನು ಚೂರು ಸರಿಸಿ ಮತ್ತೆ ಓದಬೇಕು, ತಪ್ಪು ಕಡಿಮೆಯಾದೀತೇ ಅಂತ. ಹುಡುಗ ಎರಡು ರಾತ್ರಿ ಅದನ್ನೇ ಮಾಡಿದ.

ನಾನು ಅಪ್ಪನ ಜೊತೆ ಮಾತಾಡಿದ ಒಂದು ಕರೆ ಪೂರ್ತಿ ಸಿಕ್ಕಿತು, ಒಂದೇ ಒಂದು ತುಂಡು ಬಿಟ್ಟು. ಒಂದು ಕಿಲೋಬೈಟ್. ಆ ರೆಕಾರ್ಡಿಂಗಿನಲ್ಲಿ ಅಷ್ಟು ಅಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ.

"ಬರ್ತಾ..." ಅಂತಾರೆ ಅಪ್ಪ. ಕರಕರ ಸದ್ದು. "...ತಗೊಂಡ್ ಬಾ, ಮರೀಬೇಡ."

"ಮಂಡಿಗೆ ಹಚ್ಚೋ ಎಣ್ಣೆ ಕಣೋ, ಇನ್ನೇನು" ಅಂತಾಳೆ ಅಮ್ಮ. ನನಗೆ ಟಾರ್ಚ್ ಅನ್ನಿಸುತ್ತೆ. ಹತ್ತಾರು ಸಲ ಕೇಳಿದ್ದೀವಿ. ಆಮೇಲೆ ಬರೋದು ನನ್ನ ದನಿ, ಒಂದು ಬಿಟ್ಟೂ ಹಾಳಾಗದೆ: "ಸರಿ ಅಪ್ಪ, ಮೀಟಿಂಗ್ ಇದೆ, ಇಡ್ತೀನಿ."

ತಗೊಂಡು ಹೋಗಿದ್ದೆನಾ ಅನ್ನೋದೂ ನೆನಪಿಲ್ಲ.